ನಡುವೆ ನಿಂತ ದಿನಚರಿ

ಹೊಸ ವರ್ಷದ ಆರಂಭದಲ್ಲಿ ದಿನಚರಿಯ ಪುಸ್ತಕವೊಂದನ್ನು ಕೊಂಡು, ಮೊದಲನೆಯ ಪುಟದಲ್ಲಿ ದುಂಡಾದ ಅಕ್ಷರಗಳಿಂದ ಹೆಸರನ್ನು ಬರೆದು, ಸಂಕ್ರಾಂತಿಯವರೆಗೆ ದಿನಕ್ಕೊಂದು ಪುಟವನ್ನು ತುಂಬಿ, ಶಿವರಾತ್ರಿಯ ಹೊತ್ತಿಗೆ ಅದನ್ನು ಹಾಲಿನ ಲೆಕ್ಕಕ್ಕೆ ಉಪಯೋಗಿಸುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಇವರನ್ನು ಕುರಿತು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆರಂಭಶೂರತ್ವದಿಂದ ಇವರಿಗೆ ಆಗುವ ನಷ್ಟವೂ ದೊಡ್ಡದಲ್ಲ. ಹಾಲಿನ ಲೆಕ್ಕವಾದರೂ ಸರಿಯಾಗಿರುತ್ತದೆ.

ನಾವು ಹೇಳಹೊರಟಿರುವುದು ಬೇರೊಂದು ಬಗೆಯವರ ಮಾತನ್ನು. ಹತ್ತು ಹದಿನೈದು ವರ್ಷಗಳ ಕಾಲ ರಾತ್ರಿಯ ಊಟವಾದ ಮೇಲೆ ನಾಲ್ಕು ಸಾಲನ್ನಾದರೂ ಬರೆಯದೆ ಮಲಗದವರು, ದೂರದೂರಿನಲ್ಲಿರುವ ಮಗಳಿಗೆ ವಾರಕ್ಕೊಂದು ಕಾಗದವನ್ನು ತಪ್ಪದೆ ಹಾಕುತ್ತಿದ್ದವರು, ತಿಂಗಳಿಗೊಂದು ಲೇಖನವನ್ನು ಪತ್ರಿಕೆಗೆ ಒಪ್ಪಿಸುತ್ತಿದ್ದವರು, ಇಂಥವರ ಬರವಣಿಗೆಯೂ ಒಂದಾನೊಂದು ದಿನ ನಿಂತುಹೋಗುವುದುಂಟು. ಮನೆಯಲ್ಲಿ ಒಂದು ದೀರ್ಘವಾದ ಕಾಯಿಲೆ, ಒಂದು ಸಾವು, ದೂರದ ಊರಿಗೆ ವರ್ಗ, ಬಾಣಂತಿತನ, ಮದುವೆಯ ಗಲಾಟೆ, ಏನೋ ಒಂದು ಅಡ್ಡಬರುತ್ತದೆ. ವಿಚಿತ್ರವೇನೆಂದರೆ, ಅಡ್ಡಬಂದದ್ದು ಕಳೆದುಹೋದ ಮೇಲೂ ಬರವಣಿಗೆ ಮರಳುವುದಿಲ್ಲ. ಬಾಣಂತಿಯ ಮಗು ಶಾಲೆಗೆ ಹೋಗುತ್ತಿರುತ್ತದೆ. ದಿನಚರಿಯ ಪುಸ್ತಕ ಮಾತ್ರ ಆ ದಿನ ಮುಚ್ಚಿದ್ದು ಹಾಗೆಯೇ ಬೀರುವಿನಲ್ಲಿ ಮುಚ್ಚಿಕೊಂಡಿರುತ್ತದೆ.

ಇದಕ್ಕೆ ಸೋಮಾರಿತನವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ನಿಜವಾದ ಕಾರಣ ನಾಚಿಕೆಯೆಂದು ನಮಗೆ ತೋರುತ್ತದೆ. ಮೂರು ದಿನ ಬಿಟ್ಟರೆ ನಾಲ್ಕನೆಯ ದಿನ ನೆನಪಿನಿಂದ ತುಂಬಬಹುದು. ಮೂರು ವಾರ ಬಿಟ್ಟರೆ ಪುಸ್ತಕವನ್ನು ತೆರೆಯುವಾಗ ಕೈ ಹಿಂಜರಿಯುತ್ತದೆ. ಮೂರು ವರ್ಷ ಬಿಟ್ಟಮೇಲೆ ಅದು ಸಾಲಗಾರನ ಮನೆಯ ಮುಂದೆ ಹಾದುಹೋದಂತೆ. ಆ ಬೀದಿಯನ್ನೇ ತಪ್ಪಿಸಿಕೊಂಡು ಹೋಗಬೇಕೆನಿಸುತ್ತದೆ. ಖಾಲಿ ಬಿದ್ದ ಪುಟಗಳನ್ನೆಲ್ಲ ನಾವು ಹಳೆಯ ಬಾಕಿಯೆಂದು ಎಣಿಸಿಕೊಳ್ಳುತ್ತೇವೆ. ಆ ಬಾಕಿಯನ್ನು ಚುಕ್ತಾ ಮಾಡದೆ ಹೊಸದಾಗಿ ಒಂದಕ್ಷರವನ್ನೂ ಬರೆಯಕೂಡದೆಂದು ನಮಗೆ ನಾವೇ ಒಂದು ಕಾಯಿದೆಯನ್ನು ಮಾಡಿಕೊಂಡು, ಬಾಕಿ ತೀರುವಂತಿಲ್ಲವಾದುದರಿಂದ, ಬರವಣಿಗೆಯನ್ನೇ ಬಿಟ್ಟುಬಿಡುತ್ತೇವೆ. ಅಂಗಡಿಯ ದಿನವಹಿಗೆ ಈ ಕಾಯಿದೆ ಯುಕ್ತವಾದುದೇ. ಬಾಳಿನ ದಿನವಹಿಗೆ ಇದು ಸಲ್ಲುವುದೇ?

ಸಾಲ, ಬಾಕಿಗಳ ಮಾತು ಬಂದುದರಿಂದ, ಅವನ್ನು ನಿಜವಾಗಿಯೂ ಹೊತ್ತಿದ್ದ ಒಬ್ಬ ಮಹಾಲೇಖಕನ ದಿನಚರಿಯನ್ನೇ ಮೊದಲು ನೋಡೋಣ. ಸ್ಕಾಟ್ಲೆಂಡಿನ ಸರ್ ವಾಲ್ಟರ್ ಸ್ಕಾಟನ ಕಾದಂಬರಿಗಳನ್ನು ಒಂದು ಕಾಲದಲ್ಲಿ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೆಲ್ಲರೂ ಓದುತ್ತಿದ್ದರು. ಈಗ ಓದುವವರು ಕಡಿಮೆ. ಆತನ ದಿನಚರಿ ಮಾತ್ರ ಇಂದಿಗೂ ಹಳತಾಗಿಲ್ಲ. ಅದನ್ನು ಆತನು ಪ್ರಾರಂಭಿಸಿದ್ದು ೧೮೨೫ನೆಯ ಇಸವಿ ನವೆಂಬರು ೨೦ನೆಯ ತಾರೀಖು, ತನ್ನ ಐವತ್ತನಾಲ್ಕನೆಯ ವಯಸ್ಸಿನಲ್ಲಿ. ಇಷ್ಟು ದಿನ ಕ್ರಮವಾಗಿ ದಿನಚರಿಯನ್ನು ಇಡದೆಹೋದೆನಲ್ಲಾ, ಎಷ್ಟೋ ಸ್ವಾರಸ್ಯದ ಸಂಗತಿಗಳು ಮರೆತುಹೋದುವಲ್ಲಾ ಎಂಬ ಹಳಹಳಿಕೆಯಿಂದಲೇ ಅದರ ಮೊದಲನೆಯ ಪುಟ ಮೊದಲಾಗುತ್ತದೆ. ಕವಿ ಬೈರನ್ನನ ಟಿಪ್ಪಣಿಗಳನ್ನು ನೋಡಿ ತನಗೂ ಆಸೆಯಾಯಿತೆಂದು ಹೇಳಿಕೊಂಡು, ಬೀಗವಿರುವ ಒಂದು ಚೆಂದದ ಪುಸ್ತಕವನ್ನು ಸಂಪಾದಿಸಿಕೊಂಡು ಬರೆಯತೊಡಗಿದನು. ಆಗ ಆತನು ಐಶ್ವರ್ಯವಂತ, ಕೀರ್ತಿವಂತ. ಆಬಟ್ಸ್‌ಫರ್ಡ್ ಎಂಬ ಭವನದ ಒಡೆಯ.

ಎರಡು ತಿಂಗಳು ತುಂಬುವುದರೊಳಗೆ ಎಲ್ಲವೂ ಕುಸಿದುಬಿತ್ತು. ೧೮೨೬ರ ಜನವರಿಯಲ್ಲಿ ಆತನ ಪ್ರಕಾಶಕರೂ, ಆತನೇ ಗುಟ್ಟಾಗಿ ಪಾಲುದಾರನಾಗಿದ್ದ ಮುದ್ರಣಾಲಯವೂ ದಿವಾಳಿಯೆದ್ದು, ಸುಮಾರು ೧,೨೦,೦೦೦ ಪೌಂಡುಗಳ ಸಾಲ ಆತನ ತಲೆಯ ಮೇಲೆ ಬಿತ್ತು. ಆತನು ದಿವಾಳಿಯ ಅರ್ಜಿಯನ್ನು ಹಾಕಿಕೊಳ್ಳಲಿಲ್ಲ. ನನ್ನ ಬಲಗೈಯಿಂದಲೇ ಇದನ್ನು ತೀರಿಸುವೆನೆಂದು ನಿಶ್ಚಯಿಸಿ ಬರೆಯಲು ಕುಳಿತನು. ಅದೇ ವರ್ಷದ ಮೇ ತಿಂಗಳಿನಲ್ಲಿ ಪತ್ನೀವಿಯೋಗವಾಯಿತು. ಹೀಗೆ ಸುಖದ ಜ್ಞಾಪಕಗಳನ್ನು ಕೂಡಿಡಲೆಂದು ಕೊಂಡ ಪುಸ್ತಕವು ದುಃಖದ ಲೆಕ್ಕವನ್ನು ಹಿಡಿಯುವ ಪುಸ್ತಕವಾಗಿ ಪರಿಣಮಿಸಿತು. ಮೂರುವರೆ ವರ್ಷಗಳಷ್ಟು ಕಾಲ ಆತನು ಅದನ್ನು ನಡಸಿಕೊಂಡು ಬಂದನು; ೧೮೨೯ರ ಜುಲೈ ತಿಂಗಳಿನಲ್ಲಿ ಬಿಟ್ಟುಬಿಟ್ಟನು.

ಹತ್ತು ತಿಂಗಳು ಪುಸ್ತಕ ಮುಚ್ಚಿಯೇ ಇತ್ತು. ಈ ನಡುವೆ, ೧೮೩೦ರ ಫೆಬ್ರವರಿಯಲ್ಲಿ, ಪಾರ್ಶ್ವವಾಯುವಿನ ಮೊದಲನೆಯ ಪೆಟ್ಟು ತಗಲಿ ಕೆಲಹೊತ್ತು ಮಾತೇ ನಿಂತಿತ್ತು. ಮೇ ೨೩ನೆಯ ತಾರೀಖು ಆತನು ಪುನಃ ಪುಸ್ತಕವನ್ನು ತೆರೆದನು. ಅಂದಿನ ಪುಟದಲ್ಲಿ ಆತನು ಬರೆದಿರುವ ಅಭಿಪ್ರಾಯ ನಮ್ಮ ವಿಷಯಕ್ಕೆ ಕನ್ನಡಿಯಂತಿದೆ. ದಿನಚರಿಯು ತನ್ನನ್ನು ತೀರ ಸ್ವಾರ್ಥಿಯನ್ನಾಗಿ ಮಾಡುತ್ತಿದೆಯೆಂದು ಅನಿಸಿ ಅದರ ಮೇಲೆ ಮುನಿಸಿಕೊಂಡೆನೆಂದೂ, ಮನಸ್ಸು ಕುಗ್ಗಿದ ಹೊತ್ತುಗಳನ್ನು ಬರೆದಿಡುವುದರಿಂದ ಅವು ಮರಳಿ ಮರಳಿ ಬರುವಂತೆ ತಾನೇ ಕರೆದಂತಾಗುವುದೆಂದೂ, ಕಣ್ಣಿಗೆ ಬೀಳದಿದ್ದರೆ ಮನಸ್ಸಿಗೂ ಬೀಳಲಾರವೆಂದು ಎಣಿಸಿ ಬಿಟ್ಟೆನೆಂದೂ ಕಾರಣವನ್ನು ಕೊಟ್ಟಿದ್ದಾನೆ. ಹಾಗಾದರೆ ಈಗ ಮತ್ತೆ ಏಕೆ ಹಿಡಿದನು? ಅದಕ್ಕೆ ಕಾರಣ ತನಗೇ ಸರಿಯಾಗಿ ತಿಳಿಯದೆಂದು ಹೇಳಿ, ಆಗಲಿ, ನಡೆಯಲಿ ಎನ್ನುವಂತೆ ಮುಂದುವರಿದಿದ್ದಾನೆ.

ಇದರಲ್ಲಿ ಎರಡು ಅಂಶಗಳು ಗಮನಿಸತಕ್ಕವು. ಹತ್ತು ತಿಂಗಳ ಬಾಕಿಯನ್ನು ಆತನು ತುಂಬಲಿಲ್ಲ. ಕಾಯಿಲೆಯ ದೀರ್ಘವಾದ ಇತಿಹಾಸವನ್ನು ಬರೆದು ತೀರಿಸಿಕೊಳ್ಳೋಣವೆಂದು ಕೂಡಲಿಲ್ಲ. ಮತ್ತೆ ಬರೆಯುವುದಕ್ಕೆ ಒಂದು ಗಟ್ಟಿಯಾದ ಕಾರಣ ದೊರೆಯಲೆಂದು ಕಾಯಲೂ ಇಲ್ಲ. ಆ ದಿನ ಬರೆಯಬೇಕೆನ್ನಿಸಿತು, ಬರೆದನು. ಲಕ್ಷಾಂತರ ಪೌಂಡುಗಳ ಸಾಲದಲ್ಲಿ ಬಿಡಿಕಾಸನ್ನೂ ಉಳಿಸಿಕೊಳ್ಳಕೂಡದೆಂದು ಪ್ರಾಣವನ್ನೇ ಒತ್ತೆಯಿಟ್ಟಿದ್ದ ಈ ಮನುಷ್ಯನು, ದಿನಚರಿಯ ಬಾಕಿಯನ್ನು ಮಾತ್ರ ನಿಶ್ಚಿಂತೆಯಿಂದ ಮನ್ನಾ ಮಾಡಿಬಿಟ್ಟನು! ಸಾಲದಲ್ಲಿ ಉಳಿದುದು ಆತನ ಕಾಲಾನಂತರ ಗ್ರಂಥಸ್ವಾಮ್ಯದ ಹಣದಿಂದ ತೀರಿತು. ದಿನಚರಿಯಾದರೋ ೧೮೩೨ರ ಏಪ್ರಿಲಿನಲ್ಲಿ, ಆರೋಗ್ಯಕ್ಕಾಗಿ ಕೈಗೊಂಡ ಇಟಲಿಯ ಪ್ರವಾಸದ ನಡುವೆ, ಒಂದು ರಾತ್ರಿಯ ನಿದ್ರೆಯ ಸುದ್ದಿಯನ್ನು ಹೇಳಿ ಮರುದಿನದ ಬೆಳಗಿನ ಮಾತನ್ನು ಎತ್ತಿದಲ್ಲಿಗೆ ವಾಕ್ಯ ಅರ್ಧಕ್ಕೇ ನಿಂತಿದೆ. ಸೆಪ್ಟೆಂಬರಿನಲ್ಲಿ ಆತನು ಕಾಲವಾದನು. ಅದು ಸಂಪೂರ್ಣವಾಗಿ ಅಚ್ಚಾದದ್ದು ೧೮೯೦ರಲ್ಲಿ.

ಆದರೆ ಸ್ಕಾಟನು ಎತ್ತಿದ ಆಕ್ಷೇಪಣೆಯನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವಂತಿಲ್ಲ. ದುಃಖವನ್ನು ಬರೆದಿಟ್ಟರೆ ಹಗುರವಾಗುವುದೋ, ಬೇರುಬಿಡುವುದೋ? ಮನೆಯಲ್ಲಿ ಸಾವು ಸಂಭವಿಸಿದ ಮೇಲೆ ದಿನಚರಿಯನ್ನು ಮುಚ್ಚಿದವರು ಅದನ್ನು ತೆರೆಯಲು ಅಂಜುವುದು ಈ ಪ್ರಶ್ನೆಯಿಂದಲೇ. ೧೯೮೬ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಪೆನ್ನೆಬೇಕರ್ ಎಂಬವರೂ ಅವರ ಸಹೋದ್ಯೋಗಿಯೂ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಿ, ನಾಲ್ಕು ದಿನ, ದಿನಕ್ಕೆ ೧೫ ನಿಮಿಷ ಬರೆಯಿಸಿದರು. ಕೆಲವರು ತಮ್ಮ ಬಾಳಿನ ಕಹಿಯಾದ ಅನುಭವವನ್ನು ಬರೆಯಬೇಕು, ಕೆಲವರು ಯಾವುದೋ ಸಾಧಾರಣವಾದ ವಿಷಯವನ್ನು ಬರೆಯಬೇಕು. ಕಹಿಯನ್ನು ಬರೆದವರು ಬರೆದ ದಿನ ಹೆಚ್ಚು ವ್ಯಾಕುಲರಾದರು. ಆದರೆ ನಡೆದ ಸಂಗತಿಯನ್ನೂ ಅದರಿಂದ ತಮಗಾದ ಭಾವನೆಯನ್ನೂ ಒಟ್ಟಿಗೆ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಉಳಿದವರಿಗಿಂತ ಕಡಿಮೆ. ಇದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಬೇಕು. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ವಿದುಷಿಯು ಬಹುಕಾಲ ಸಂಶೋಧನೆ ನಡಸಿ, ಒಂದೇ ಕೊರಗನ್ನು ಮನಸ್ಸಿನಲ್ಲಿ ತಿರುತಿರುಗಿಸಿ ಮೆಲಕುಹಾಕುವವರಲ್ಲಿ ಖಿನ್ನತೆಯು ದೀರ್ಘಕಾಲ ನಿಲ್ಲುವುದೆಂದು ತೋರಿಸಿದಳು. ಆದುದರಿಂದ ಸ್ಕಾಟನ ಅಂಜಿಕೆ ಹುಸಿಯೆಂದು ಹೇಳಲಾಗದು. ಏನಾಯಿತು, ಏಕಾಯಿತು, ಆಮೇಲೇನಾಯಿತು ಎಂದು ಮುಂದುವರಿಯುವ ಬರವಣಿಗೆಯೇ ಬೇರೆ. ಗಾಣದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುವ ಬರವಣಿಗೆಯೇ ಬೇರೆ. ಎರಡನೆಯ ಬಗೆಯದು ಪುಟಗಟ್ಟಲೆ ಬೆಳೆಯತೊಡಗಿದರೆ, ಆಗ ಪುಸ್ತಕವನ್ನು ಮುಚ್ಚಿ ನೆರೆಮನೆಯವರೊಡನೆ ಮಾತನಾಡುವುದೇ ಮೇಲು.

ಹಾಗಾದರೆ ದೊಡ್ಡ ಕಾಯಿಲೆಯಿಂದ ಎದ್ದವರು ಮರಳಿ ಏನನ್ನು ಬರೆಯಬೇಕು? ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫಳ ಉದಾಹರಣೆ ಇಲ್ಲಿ ಉಪಯುಕ್ತವಾಗಿದೆ. ಆಕೆಯು ೧೯೧೫ರ ಜನವರಿ ೧ರಂದು ಒಂದು ದಿನಚರಿಯನ್ನು ಆರಂಭಿಸಿದಳು. ಏಳು ವಾರಗಳಾಗುವುದರೊಳಗೆ ಮನೋರೋಗವು ಉಲ್ಬಣಿಸಿ ಬರವಣಿಗೆ ನಿಂತಿತು. ಎರಡು ವರ್ಷಗಳಿಗೂ ಮಿಕ್ಕು ಕಾಲ ದಿನಚರಿ ಇಲ್ಲ. ೧೯೧೭ರ ಆಗಸ್ಟಿನಲ್ಲಿ, ಸಸೆಕ್ಸ್ ಪ್ರಾಂತದ ಆಷಮ್ ಎಂಬ ಹಳ್ಳಿಮನೆಯಲ್ಲಿದ್ದಾಗ, ಒಂದು ಸಣ್ಣ ಪುಸ್ತಕದಲ್ಲಿ ಮತ್ತೆ ಬರೆಯಲು ಕೈಹಾಕಿದಳು. ಏನನ್ನು ಬರೆದಳೆಂದು ತೆರೆದು ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಮಳೆ ಬಂತು, ಬಿಸಿಲು ಬಂತು. ಗುಡ್ಡದ ಕಡೆ ಹೋಗಿ ಅಣಬೆಗಳನ್ನು ಆರಿಸಿ ತಂದೆವು. ಇಂಥ ಚಿಟ್ಟೆಯನ್ನು ಕಂಡೆ. ಕೋಳಿಮೊಟ್ಟೆಗೆ ಡಜನ್ನಿಗೆ ಇಷ್ಟು ಬೆಲೆ. ದಿನಕ್ಕೆ ಮೂರು ನಾಲ್ಕು ಸಾಲು, ಅಷ್ಟೆ. ಮನಸ್ಸಿನ ಒಳಗಿನ ಮಾತು ಒಂದೂ ಇಲ್ಲ. ಮುರಿದ ಕಾಲು ಕೂಡಿದ ಮೇಲೆ ಮೊದಲು ಅಂಗಳದಲ್ಲಿ ನಾಲ್ಕು ಹೆಜ್ಜೆ ಇಡುವಂತೆ ಆಕೆಯು ಹೊರಗಿನ ಲೋಕದಲ್ಲಿ ನಾಲ್ಕು ಹೆಜ್ಜೆ ಇಟ್ಟಳು. ಅದೇ ವರ್ಷ ಅಕ್ಟೋಬರಿನಲ್ಲಿ ಊರಿಗೆ ಮರಳಿದ ಮೇಲೆ, ಆಕೆಯ ವಿಸ್ತಾರವಾದ ದಿನಚರಿ ಮೊದಲಾಯಿತು. ಅದು ೧೯೪೧ರ ಮಾರ್ಚಿನವರೆಗೆ ನಡೆಯಿತು. ಮುಂದೆ ಅಚ್ಚಾದಾಗ ಐದು ಸಂಪುಟಗಳಾಯಿತು. ಬರವಣಿಗೆಯು ಎಲ್ಲ ರೋಗಕ್ಕೂ ಔಷಧವೆಂದು ನಾವು ಹೇಳುವುದಿಲ್ಲ. ಆಕೆಯ ದಾರುಣವಾದ ಅಂತ್ಯವನ್ನು ಬಲ್ಲವರು ಯಾರೂ ಹಾಗೆ ಹೇಳಲಾರರು. ಆದರೆ ನಡುವಿನ ಇಪ್ಪತ್ತನಾಲ್ಕು ವರ್ಷಗಳ ದಿನಚರಿಯ ಬಾಗಿಲು ತೆರೆದದ್ದು ಅಣಬೆಯ ಮತ್ತು ಮೊಟ್ಟೆಯ ಲೆಕ್ಕದಿಂದ ಎಂಬುದನ್ನು ನಮ್ಮ ಗೃಹಿಣಿಯರು ಗಮನಿಸಬೇಕು. ತೊಗರಿಬೇಳೆಯ ಧಾರಣೆಯನ್ನು ಬರೆಯುವುದಕ್ಕೆ ನಾಚಬೇಕಾಗಿಲ್ಲ.

ಬರೆಯದೆ ಕಳೆದ ಕಾಲವೆಲ್ಲ ವ್ಯರ್ಥವಾಯಿತೆಂದು ತಿಳಿಯುವುದೂ ಸರಿಯಲ್ಲ. ರಷ್ಯಾದೇಶದ ಟಾಲ್‌ಸ್ಟಾಯ್ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ೧೮೪೭ರಲ್ಲಿ, ದಿನಚರಿಯನ್ನು ಆರಂಭಿಸಿದನು. ತನಗೆ ತಾನೇ ನಿಯಮಗಳನ್ನು ವಿಧಿಸಿಕೊಳ್ಳುವುದು, ಮುರಿಯುವುದು, ಮುರಿದುದನ್ನು ಬರೆದುಕೊಂಡು ಪರಿತಪಿಸುವುದು, ಇದೇ ಅದರ ಯೌವನಕಾಲದ ಪುಟಗಳ ವೃತ್ತಾಂತ. ೧೮೬೫ರಲ್ಲಿ ಅದನ್ನು ನಿಲ್ಲಿಸಿದವನು ಸುಮಾರು ಹದಿಮೂರು ವರ್ಷ ಅದರ ಗೊಡವೆಗೆ ಹೋಗಲಿಲ್ಲ. ಆ ಹದಿಮೂರು ವರ್ಷ ಏನು ಮಾಡುತ್ತಿದ್ದನು? ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೆನಿನಾ’ ಎಂಬ ಎರಡು ಮಹಾಕಾದಂಬರಿಗಳನ್ನು ಬರೆಯುತ್ತಿದ್ದನು! ತನ್ನನ್ನು ನೋಡಿಕೊಳ್ಳುತ್ತಿದ್ದ ಕಣ್ಣು ಲೋಕವನ್ನು ನೋಡುತ್ತಿತ್ತು. ಅವು ಮುಗಿದ ಮೇಲೆ, ೧೮೭೮ರಲ್ಲಿ, ಮತ್ತೆ ದಿನಚರಿಯನ್ನು ಎತ್ತಿಕೊಂಡನು. ೧೯೧೦ರಲ್ಲಿ ಆಸ್ತಾಪೊವೊ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಮರಣಶಯ್ಯೆಯನ್ನು ಹಿಡಿದಾಗಲೂ ಬರೆದನು. ನಮ್ಮ ಮನೆಗಳಲ್ಲಿ ಮಹಾಕಾದಂಬರಿಗಳು ಹುಟ್ಟದೆ ಇರಬಹುದು. ಆದರೆ ಇಬ್ಬರು ಮಕ್ಕಳನ್ನು ಸಾಕಿ ಬೆಳಸಿ, ಅತ್ತೆಯವರ ಕೊನೆಗಾಲದ ಶುಶ್ರೂಷೆಯನ್ನು ಮಾಡಿದ ಹತ್ತು ವರ್ಷಗಳನ್ನು ‘ಏನೂ ಬರೆಯದೆ ಕಳೆದ ವರ್ಷಗಳು’ ಎಂದು ಕರೆಯುವುದು ಅನ್ಯಾಯ.

ಎಲ್ಲರೂ ಮರಳಿದರೆಂದೂ ಅಲ್ಲ. ಲಂಡನ್ನಿನ ಸ್ಯಾಮ್ಯುಅಲ್ ಪೀಪ್ಸನು ೧೬೬೦ರ ಜನವರಿ ೧ರಿಂದ ೧೬೬೯ರ ಮೇ ೩೧ರವರೆಗೆ ಶೀಘ್ರಲಿಪಿಯಲ್ಲಿ ಬರೆದ ದಿನಚರಿ ಜಗತ್ಪ್ರಸಿದ್ಧವಾದುದು. ೧೬೬೫ರ ಮಹಾಮಾರಿ, ೧೬೬೬ರ ಬೆಂಕಿ, ಎರಡೂ ಅದರಲ್ಲಿ ಕಣ್ಣಿಗೆ ಕಟ್ಟುವಂತಿವೆ. ಬೆಂಕಿ ಸಮೀಪಿಸಿದಾಗ ತನ್ನ ದ್ರಾಕ್ಷಾರಸವನ್ನೂ ಪಾರ್ಮೆಸಾನ್ ಗಿಣ್ಣನ್ನೂ ತೋಟದಲ್ಲಿ ಹೂಳಿಟ್ಟ ಸಂಗತಿಯೂ ಅಲ್ಲಿದೆ. ಬರೆದು ಬರೆದು ಕಣ್ಣು ಹೋಗಿಬಿಡುವುದೆಂಬ ಭಯದಿಂದ ಆತನು ಅದನ್ನು ನಿಲ್ಲಿಸಿದನು. ನಿಲ್ಲಿಸುವುದು ತನ್ನ ಸಮಾಧಿಯೊಳಕ್ಕೆ ತಾನೇ ಇಳಿದಂತೆ ಆತನಿಗೆ ತೋರಿತು. ಆದರೆ ಕಣ್ಣು ಹೋಗಲಿಲ್ಲ. ಆತನು ಇನ್ನೂ ಮೂವತ್ತನಾಲ್ಕು ವರ್ಷ ಬದುಕಿದ್ದು, ನೌಕಾಖಾತೆಯ ದೊಡ್ಡ ಅಧಿಕಾರಿಯಾದನು. ೧೬೮೩ರಲ್ಲಿ ಆಫ್ರಿಕದ ಟ್ಯಾಂಜಿಯರಿಗೆ ಹೋದಾಗ ಕೆಲವು ತಿಂಗಳು ಒಂದು ದಿನಚರಿಯನ್ನು ಇಟ್ಟದ್ದುಂಟು. ಆದರೆ ಮೊದಲಿನ ಪೀಪ್ಸನು ಅದರಲ್ಲಿ ಕಾಣುವುದಿಲ್ಲ. ಕಣ್ಣು ಸುಧಾರಿಸಿದ ಮರುವರ್ಷವೇ ಆತನು ಲೇಖನಿಯನ್ನು ಹಿಡಿದಿದ್ದರೆ ನಮಗೆ ಏನೇನು ದೊರೆಯುತ್ತಿತ್ತೋ! ಆತನಿಗಾಗಿ ಮರುಗುವಷ್ಟು ನಾವು ಬೇರೆ ಯಾರಿಗಾಗಿಯೂ ಮರುಗಲಾರೆವು.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ನಿಯಮದಿಂದ ಬರೆಯುವುದರಲ್ಲಿಯೂ, ಬಲಾತ್ಕಾರದಿಂದ ನಿಂತ ಬರವಣಿಗೆಯನ್ನು ಮರಳಿ ಹಿಡಿಯುವುದರಲ್ಲಿಯೂ ಮಹಾತ್ಮಾ ಗಾಂಧಿಯವರಿಗೆ ಸಮನಾದವರು ವಿರಳ. ದಕ್ಷಿಣ ಆಫ್ರಿಕದಲ್ಲಿ ೧೯೦೩ರಲ್ಲಿ ಮೊದಲಾದ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ, ಸೆರೆಮನೆಯ ದಿನಗಳನ್ನು ಬಿಟ್ಟರೆ, ೧೯೧೪ರವರೆಗೆ ಅವರ ಲೇಖನವಿಲ್ಲದ ಸಂಚಿಕೆಯೇ ಅಪರೂಪ. ೧೯೦೯ರ ನವೆಂಬರಿನಲ್ಲಿ ಹಡಗಿನ ಮೇಲೆ ಹತ್ತು ದಿನಗಳಲ್ಲಿ ‘ಹಿಂದ್ ಸ್ವರಾಜ್’ ಗ್ರಂಥವನ್ನು ಬರೆಯುವಾಗ, ಬಲಗೈ ಸೋತರೆ ಎಡಗೈಯಿಂದ ಬರೆದರು. ೨೭೫ ಪುಟಗಳ ಹಸ್ತಪ್ರತಿಯಲ್ಲಿ ಸುಮಾರು ೪೦ ಪುಟಗಳು ಎಡಗೈಯವು. ಇಂಥವರಿಗೂ ಆತ್ಮಕಥೆಯೆಂಬುದು ವರ್ಷಗಟ್ಟಲೆ ಕೈತಪ್ಪಿ ಹೋಗುತ್ತಿತ್ತು. ಜೊತೆಗಾರರ ಒತ್ತಾಯದಿಂದ ಅದನ್ನು ಬರೆಯಲು ಒಪ್ಪಿ, ಮೊದಲನೆಯ ಹಾಳೆಯನ್ನು ಮಗುಚುವುದರೊಳಗೆ ೧೯೨೧ರಲ್ಲಿ ಮುಂಬಯಿಯ ಗಲಭೆಗಳು ಎದ್ದುವು, ಕೆಲಸ ನಿಂತಿತು. ೧೯೨೨ರ ಮಾರ್ಚಿನಲ್ಲಿ ಯೆರವಡೆಯ ಸೆರೆಮನೆ. ಅಲ್ಲಿ ಜಯರಾಮದಾಸರು, ಉಳಿದುದನ್ನೆಲ್ಲ ಬದಿಗಿಟ್ಟು ಆತ್ಮಕಥೆಯನ್ನು ಮುಗಿಸಿರೆಂದು ಕೇಳಿದರು. ಓದಿನ ಕಾರ್ಯಕ್ರಮವೊಂದನ್ನು ಹಾಕಿಕೊಂಡಿರುವೆನು, ಅದು ಮುಗಿಯದೆ ಬೇರೆಯದಿಲ್ಲ ಎಂದು ಗಾಂಧಿಯವರು ಉತ್ತರ ಕೊಟ್ಟರು. ಶಿಕ್ಷೆಯ ಅವಧಿ ಪೂರ್ತಿಯಾಗಿದ್ದರೆ ಸೆರೆಯಲ್ಲಿಯೇ ಬರೆದು ಮುಗಿಸುತ್ತಿದ್ದರೋ ಏನೋ. ಆದರೆ ಶಸ್ತ್ರಚಿಕಿತ್ಸೆಯಾಗಿ ೧೯೨೪ರ ಫೆಬ್ರವರಿಯಲ್ಲಿಯೇ ಬಿಡುಗಡೆಯಾಯಿತು!

ಬರವಣಿಗೆ ಸಾಗಿದ್ದು ಕೊನೆಗೆ ಬಿಡುವು ದೊರೆತುದರಿಂದಲ್ಲ, ಬಿಡುವು ಇಲ್ಲದುದರಿಂದ. ಸ್ವಾಮಿ ಆನಂದರು ಮತ್ತೆ ಕೇಳಿದಾಗ, ಪ್ರತ್ಯೇಕವಾಗಿ ಪುಸ್ತಕವನ್ನು ಬರೆಯಲು ನನಗೆ ಸಮಯವಿಲ್ಲ, ಹೇಗೂ ‘ನವಜೀವನ’ಕ್ಕೆ ಪ್ರತಿವಾರ ಏನಾದರೊಂದನ್ನು ಬರೆಯಲೇಬೇಕು, ಅದು ಆತ್ಮಕಥೆಯೇ ಏಕಾಗಬಾರದು ಎಂದು ಗಾಂಧಿಯವರು ಯೋಚಿಸಿದರು. ೧೯೨೫ರ ನವೆಂಬರಿನಿಂದ ೧೯೨೯ರ ಫೆಬ್ರವರಿಯವರೆಗೆ ಅದು ಪತ್ರಿಕೆಯಲ್ಲಿ ಅಧ್ಯಾಯ ಅಧ್ಯಾಯವಾಗಿ ಬಂತು. ನಾಲ್ಕು ವರ್ಷ ಕಾದರೂ ಸಿಕ್ಕದ ಬಿಡುವಿನಲ್ಲಿ ಆಗದ ಕೆಲಸವು, ಅಚ್ಚಿನ ಮೊಳೆಗಳು ಕಾದಿವೆಯೆಂಬ ಆತುರದಲ್ಲಿ ಆಗಿಹೋಯಿತು. ಮೊದಲೇ ಇರುವ ಒಂದು ಹೊತ್ತಿಗೆ ಬರವಣಿಗೆಯನ್ನು ಗಂಟುಹಾಕುವ ಈ ಉಪಾಯಕ್ಕಿಂತ ಉತ್ತಮವಾದುದನ್ನು ನಾವು ಕಂಡಿಲ್ಲ.

ಅವರ ಬಾಳಿನಲ್ಲಿ ಇನ್ನೂ ದೊಡ್ಡದಾದ ಒಂದು ಮೌನವಿದೆ. ೧೯೩೩ರ ಫೆಬ್ರವರಿ ೧೧ರಂದು ಆರಂಭವಾದ ‘ಹರಿಜನ’ ವಾರಪತ್ರಿಕೆಯು ೧೯೪೨ರ ಆಗಸ್ಟಿನಲ್ಲಿ ನಿಂತಿತು. ೧೯೪೬ರ ಫೆಬ್ರವರಿ ೧೦ರಂದು ಅದು ಮತ್ತೆ ಹೊರಬಂದಾಗ ಗಾಂಧಿಯವರಿಗೆ ೭೬ ವರ್ಷ. ನಡುವಿನ ಮೂರೂವರೆ ವರ್ಷಗಳಲ್ಲಿ ಏನೇನಾಗಿತ್ತು! ಇಪ್ಪತ್ತೈದು ವರ್ಷ ಅವರ ಲೇಖನಿಗೆ ನೆರಳಿನಂತಿದ್ದ, ‘ಹರಿಜನ’ದ ಸಂಪಾದಕರೂ ಆಗಿದ್ದ ಮಹಾದೇವ ದೇಸಾಯಿಯವರು ಸೆರೆಯಾದ ಆರನೆಯ ದಿನವೇ, ೧೯೪೨ರ ಆಗಸ್ಟ್ ೧೫ರಂದು, ಆಗಾಖಾನ್ ಅರಮನೆಯಲ್ಲಿ ತೀರಿಕೊಂಡಿದ್ದರು. ೧೯೪೪ರ ಫೆಬ್ರವರಿ ೨೨ರಂದು ಕಸ್ತೂರಿಬಾ ಅವರೂ ಅಲ್ಲಿಯೇ ಕಣ್ಮುಚ್ಚಿದ್ದರು. ನಿಂತ ಪತ್ರಿಕೆಯನ್ನು ಮತ್ತೆ ನಡಸುವುದೆಂದರೆ, ಬಲಗೈಯಂತಿದ್ದವರು ಇಲ್ಲದೆ ನಡಸುವುದು. ಪ್ಯಾರೇಲಾಲರು ಸಂಪಾದಕತ್ವವನ್ನು ವಹಿಸಿದರು. ಗಾಂಧಿಯವರು ವಾರವಾರವೂ ಬರೆದರು, ವಾಚಕರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು, ೧೯೪೮ರ ಜನವರಿಯವರೆಗೆ. ಮನೆಯಲ್ಲಿ ಸಾವಿನಿಂದ ನಿಂತ ಕಾಗದಗಳ, ಹಾಡಿನ, ಹಸೆಯ, ಹಬ್ಬದ ಕ್ರಮವನ್ನು ಮತ್ತೆ ಆರಂಭಿಸುವವರಿಗೆ ಈ ಕಷ್ಟ ಗೊತ್ತು. ಮೊದಲಿನಂತೆ ಆಗುವುದಿಲ್ಲ. ಮೊದಲಿನಂತೆ ಆಗಬೇಕೆಂದು ಹಟಹಿಡಿದರೆ ಆಗುವುದೇ ಇಲ್ಲ.

ಅಭ್ಯಾಸದ ಸ್ವರೂಪವನ್ನು ಕುರಿತು ಶಾಸ್ತ್ರಜ್ಞರು ಕಂಡುಕೊಂಡ ಎರಡು ಸಂಗತಿಗಳನ್ನು ಇಲ್ಲಿ ಹೇಳಿಬಿಡಬಹುದು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಬಾಯಿಪಾಠ ಮಾಡಿ, ೧೮೮೫ರಲ್ಲಿ ಫಲವನ್ನು ಪ್ರಕಟಿಸಿದನು. ಮರೆತುಹೋಯಿತೆಂದು ಎಣಿಸಿದುದನ್ನು ಎರಡನೆಯ ಸಲ ಕಲಿಯಲು ಮೊದಲಿನಷ್ಟು ಹೊತ್ತು ಹಿಡಿಯುವುದಿಲ್ಲ. ಕಾಣದಿದ್ದರೂ ಏನೋ ಒಂದು ಒಳಗೆ ಉಳಿದಿರುತ್ತದೆ. ಈಜನ್ನು ಬಿಟ್ಟು ಮತ್ತೆ ಕೆರೆಗೆ ಇಳಿದವರಿಗೆ ಇದು ಹೊಸ ಮಾತಲ್ಲ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮೊದಲಾದವರು ೯೬ ಮಂದಿಯನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹೊಸದೊಂದು ಅಭ್ಯಾಸ ಯೋಚನೆಯಿಲ್ಲದೆ ನಡೆಯುವಂತಾಗಲು ಸರಾಸರಿ ೬೬ ದಿನಗಳು ಬೇಕಾದುವು. ಕೆಲವರಿಗೆ ೧೮ ದಿನ ಸಾಕಾದರೆ, ಕೆಲವರಿಗೆ ೨೫೪ ದಿನವೆಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ಮಂಡಲವೊಂದಕ್ಕೆ, ಅಂದರೆ ನಲವತ್ತೆಂಟು ದಿನಕ್ಕೆ, ವ್ರತ ಹಿಡಿಯುವ ನಮ್ಮ ಹಿರಿಯರ ಲೆಕ್ಕ ಇದಕ್ಕೆ ತೀರ ದೂರವಾಗಿಲ್ಲವೆಂಬುದನ್ನು ನೋಡಿ ನಮಗೆ ನಗು ಬಂತು.

ಆಂಟನಿ ಟ್ರಾಲಪನ ಕ್ರಮವನ್ನು ಕೆಲವರು ಹೊಗಳುವರು. ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಆತನು ಬೆಳಗಿನ ಐದೂವರೆಗೆ ಬರೆಯಲು ಕೂಡುವನು. ಎಬ್ಬಿಸಿ ಕಾಫಿ ಕೊಡುವ ಕೆಲಸಕ್ಕಾಗಿ ಮುದಿ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಾಗಿ ಕೊಡುವನು. ಗಡಿಯಾರವನ್ನು ಮುಂದಿಟ್ಟುಕೊಂಡು ಕಾಲು ಗಂಟೆಗೆ ೨೫೦ ಪದಗಳಂತೆ ಬರೆಯುವನು. ಹೀಗೆ ೪೭ ಕಾದಂಬರಿಗಳಾದುವು. ಎಬ್ಬಿಸಿ ಕಾಫಿ ಕೊಡುವವರು ಇದ್ದವರಿಗೆ ಈ ಕ್ರಮ ಒಳ್ಳೆಯದೇ. ಕಾಫಿಯನ್ನು ಕಾಸಿ ಮನೆಯವರನ್ನೆಲ್ಲ ಎಬ್ಬಿಸುವ ಹೊಣೆ ಹೊತ್ತವರು ಬೇರೆ ಹೊತ್ತನ್ನು ಹುಡುಕಿಕೊಳ್ಳಬೇಕು.

ಹಿಂದೆ ನಮ್ಮ ನಾಡಿನಲ್ಲಿ ಕಡತವೆಂಬುದಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಧಾರವಾಗಿವೆ. ಕಡತದಲ್ಲಿ ಬೇಡವಾದುದನ್ನು ಒರಸಿ, ಮತ್ತೆ ಕಪ್ಪು ಬಳಿದು, ಹೊಸದಾಗಿ ಬರೆಯಬಹುದಾಗಿತ್ತು. ತಾರೀಖು ಅಚ್ಚಾಗಿರುವ ಈಗಿನ ದಿನಚರಿಯ ಪುಸ್ತಕ ಹಾಗಲ್ಲ. ಬಿಟ್ಟ ದಿನವನ್ನೆಲ್ಲ ಅದು ಬಿಳಿಯಾಗಿ ಎತ್ತಿ ತೋರಿಸುತ್ತದೆ. ಆದುದರಿಂದ ಮರಳಿ ಆರಂಭಿಸುವವರು ತಾರೀಖು ಅಚ್ಚಾಗಿರುವ ಪುಸ್ತಕವನ್ನು ಕೊಳ್ಳದೆ, ಗೆರೆ ಹಾಕಿದ ಸಾದಾ ಪುಸ್ತಕವನ್ನು ಕೊಂಡು, ತಾರೀಖನ್ನು ಕೈಯಿಂದ ಬರೆದುಕೊಳ್ಳುವುದು ಲೇಸು. ಆಗ ಬಿಟ್ಟ ದಿನಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ಪುಸ್ತಕವನ್ನು ಯಾರು ಓದಬೇಕೆಂಬ ಪ್ರಶ್ನೆಯೊಂದಿದೆ. ಬರವಣಿಗೆ ನಿಲ್ಲಲು ಇದೂ ಒಂದು ಕಾರಣ, ಯಾರೂ ಹೇಳಿಕೊಳ್ಳದ ಕಾರಣ. ಟಾಲ್‌ಸ್ಟಾಯ್ ಮದುವೆಗೆ ಮುಂಚೆ ತನ್ನ ಬ್ರಹ್ಮಚರ್ಯದ ದಿನಗಳ ದಿನಚರಿಯನ್ನು ವಧು ಸೋಫಿಯಾಳ ಕೈಗೆ ಕೊಟ್ಟನು. ಸತ್ಯಸಂಧತೆಯೆಂದು ಆತನು ಭಾವಿಸಿದ್ದು ಆಕೆಯ ಮನಸ್ಸಿನಲ್ಲಿ ಬಾಳೆಲ್ಲ ಮಾಗದ ಗಾಯವಾಯಿತು. ಆಕೆಯೂ ದಿನಚರಿಯನ್ನು ಬರೆಯುತ್ತಿದ್ದಳು; ಒಬ್ಬರದನ್ನು ಒಬ್ಬರು ಓದುತ್ತಿದ್ದರು. ಕೊನೆಗೆ ೧೯೧೦ರಲ್ಲಿ ಆತನು ತನ್ನೊಬ್ಬನಿಗಾಗಿಯೇ ಇನ್ನೊಂದು ಗುಟ್ಟಿನ ದಿನಚರಿಯನ್ನು ಬರೆದು ಬೂಟಿನೊಳಗೆ ಬಚ್ಚಿಡುವ ಹಂತಕ್ಕೆ ಬಂದಿತು. ಅದೂ ಆಕೆಗೆ ಸಿಕ್ಕಿತು. ಗಂಡನಾಗಲಿ, ಹೆಂಡತಿಯಾಗಲಿ, ಮಕ್ಕಳಾಗಲಿ, ಅತ್ತೆಯಾಗಲಿ, ಕೇಳದೆ ಇನ್ನೊಬ್ಬರ ದಿನಚರಿಯನ್ನು ತೆರೆಯಕೂಡದೆಂಬ ಮರ್ಯಾದೆ ಮನೆಯಲ್ಲಿ ಇದ್ದರೆ, ನಿಂತ ಎಷ್ಟೋ ಲೇಖನಿಗಳು ತಾವಾಗಿಯೇ ಚಲಿಸಿಯಾವು.

ಇನ್ನು ಬಿಟ್ಟುಹೋದ ವರ್ಷಗಳ ಮಾತು. ಅವನ್ನು ದಿನದಿನದ ಲೆಕ್ಕದಲ್ಲಿ ತುಂಬಲು ಹೋಗಬಾರದೆಂದು ಹೇಳಿದೆವು. ಹಾಗೆಂದು ಅವುಗಳಲ್ಲಿ ಉಳಿಸಿಕೊಳ್ಳತಕ್ಕದ್ದು ಏನೂ ಇಲ್ಲವೆಂದಲ್ಲ. ಪುಸ್ತಕದ ಹಿಂಭಾಗದಲ್ಲಿ ಹತ್ತು ಹಾಳೆಗಳನ್ನು ಬೇರೆಯಾಗಿ ಬಿಟ್ಟು, ‘ನೆನಪಿನಿಂದ ಬರೆದುದು’ ಎಂದು ತಲೆಬರಹವನ್ನು ಹಾಕಬೇಕು. ಒಂದು ಸಂಜೆ ಮನೆಯವರೆಲ್ಲ ಕೂಡಿದ್ದಾಗ ಆ ವರ್ಷಗಳ ಮಾತನ್ನು ಎತ್ತಿದರೆ, ಒಬ್ಬೊಬ್ಬರು ಒಂದೊಂದನ್ನು ಹೇಳುವರು: ಅಜ್ಜಿಯವರು ತೀರಿಕೊಂಡ ವಾರ ಎಷ್ಟು ಮಳೆಯಿತ್ತು, ಆಸ್ಪತ್ರೆಗೆ ಊಟವನ್ನು ಯಾರು ಒಯ್ಯುತ್ತಿದ್ದರು, ಮಗು ಮೊದಲು ಆಡಿದ ಮಾತು ಯಾವುದು. ಹೇಳಿದವರ ಹೆಸರನ್ನೂ ಬರೆದ ತಾರೀಖನ್ನೂ ಸೇರಿಸಿಯೇ ಬರೆದುಕೊಳ್ಳಬೇಕು. ಒಂದೇ ಸಂಗತಿಯನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಿದರೆ ಎರಡನ್ನೂ ಬರೆಯಬೇಕು. ಮುಂಭಾಗದ ಮೊದಲನೆಯ ಪುಟದಲ್ಲಿ ಇಂದಿನ ತಾರೀಖು, ಇಂದು ಮಳೆ ಬಂತೋ ಇಲ್ಲವೋ, ಮನೆಗೆ ಯಾರು ಬಂದಿದ್ದರು, ಬೇಳೆ ಎಷ್ಟಕ್ಕೆ ತಂದದ್ದು.